ಮಗುವಿನ ಎತ್ತರ, ಮನೆಯ ಪಂಕ್ತಿ

ಮಗುವೊಂದು ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ ನಮ್ಮವರು ಹೇಳುವ ಸಮಾಧಾನ ಒಂದೇ: "ನಮ್ಮ ವಂಶವೇ ಗಿಡ್ಡ." ಉಪಾಧ್ಯಾಯ ವೃತ್ತಿಯಲ್ಲಿ ಈ ಮಾತನ್ನು ನಾನು ಎಷ್ಟು ತಂದೆತಾಯಿಯರ ಬಾಯಿಂದ ಕೇಳಿರುವೆನೋ ಲೆಕ್ಕವಿಲ್ಲ. ವಂಶದ ಪಾಲು ಇಲ್ಲವೆಂದು ಯಾರೂ ಹೇಳಲಾರರು. ಆದರೆ ಸಕಲ ಹೊಣೆಯನ್ನೂ ಅದರ ಮೇಲೆ ಹೊರಿಸಿ ನಿಶ್ಚಿಂತರಾಗುವುದು ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆಸಿ ನೋಡಿತು. ನಮ್ಮಿಂದ ಆಯ್ಕೆಯಾದವರು ದೆಹಲಿಯ ಅನುಕೂಲಸ್ಥ ಮನೆಗಳ ಕೂಸುಗಳು. ತಾಯಿಹಾಲು, ತಕ್ಕ ಆಹಾರ, ಶುಚಿಯಾದ ನೆಲೆ ದೊರೆತಲ್ಲಿ ಐದು ವರ್ಷದವರೆಗೆ ಎಲ್ಲ ನಾಡಿನ ಮಕ್ಕಳೂ ಹೆಚ್ಚುಕಡಮೆ ಒಂದೇ ಸಮನಾಗಿ ಬೆಳೆಯುವರೆಂಬುದು ಇದರಿಂದ ಸಿದ್ಧಪಟ್ಟಿತು.

ಹೀಗಿರಲು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5 ಮಂದಿ ಕುಂಠಿತರು. 2016-18ರ ಸಮಗ್ರ ಪೋಷಣಾ ಸಮೀಕ್ಷೆಯು ಐದರಿಂದ ಒಂಬತ್ತು ವಯಸ್ಸಿನವರಲ್ಲಿ ಶೇಕಡಾ 22 ಮಂದಿಯನ್ನು ಹಾಗೆಯೇ ಕಂಡಿತು. ಗರ್ಭಧಾರಣೆಯಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳಲ್ಲಾದ ನಷ್ಟವೇ ಇದರ ಬಹುಪಾಲು. ನಮ್ಮ ತರಗತಿಗೆ ಮಗು ಬರುವುದು ಆ ನಷ್ಟದ ಲೆಕ್ಕವನ್ನು ಮೈಮೇಲೆ ಹೊತ್ತುಕೊಂಡೇ.

ಆ ಲೆಕ್ಕ ತೊಡಗುವುದು ತಾಯಿಯಿಂದ. ಅದೇ ಕುಟುಂಬ ಸಮೀಕ್ಷೆಯಂತೆ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಎಳೆಯ ವಯಸ್ಸಿನ ಮದುವೆ, ಬೆನ್ನುಬೆನ್ನಿಗೆ ಬಸಿರು, ಹೆರಿಗೆಯಾದ ಕೆಲವೇ ವಾರಗಳಲ್ಲಿ ಮತ್ತೆ ಹೊಲದ ಕೂಲಿ. ಕೂಸು ಉಳಿಯುವುದು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ. ಹೊಟ್ಟೆಗೆ ಬೀಳುವುದು ನೀರಾದ ಗಂಜಿ. ಅಂಗಳದ ಕೊಳೆಯಿಂದ ಭೇದಿ ಮರುಕಳಿಸಿದಾಗಲೆಲ್ಲ ಉಂಡದ್ದೂ ಮೈಗೆ ಹತ್ತದು. ಅತ್ತ ಅಕ್ಕನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ.

ಒಂದೇ ಮನೆಯೊಳಗೂ ಭೇದವುಂಟು. ಭಾರತದ ಮಕ್ಕಳನ್ನು ಆಫ್ರಿಕದ ಮಕ್ಕಳೊಡನೆ ಹೋಲಿಸಿ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು 2017ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಬಯಲಿಗೆ ತಂದಿತು: ನಮ್ಮಲ್ಲಿ ಚೊಚ್ಚಲ ಗಂಡುಮಗು ಎತ್ತರದಲ್ಲಿ ಹಿಂದೆ ಬಿದ್ದಿಲ್ಲ, ಹುಟ್ಟಿನ ಸರದಿ ಇಳಿದಂತೆ ಕೊರತೆ ಬೆಳೆಯುತ್ತದೆ. ಹಿರಿಯ ಮಗನ ಮೇಲಿನ ಅತಿಯಾದ ಮಮತೆಯೇ ಇದಕ್ಕೆ ಮುಖ್ಯ ಕಾರಣವೆಂಬುದು ಅವರ ನಿರ್ಣಯ. ವಂಶವೊಂದೇ ಕಾರಣವಾಗಿದ್ದರೆ ಒಡಹುಟ್ಟಿದವರಲ್ಲಿ ಇಂಥ ಅಂತರವೇಕೆ?

ಕರ್ನಾಟಕದಲ್ಲಿ 2002ರಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಇವು ಸಣ್ಣ ಉಪಕಾರವಲ್ಲ. ಆದರೆ ಶಾಲೆಯ ತಟ್ಟೆ ದಿನದ ಒಂದು ಹೊತ್ತಿನದು. ಉಳಿದ ಹೊತ್ತುಗಳಲ್ಲಿ ಯಾರು ಮೊದಲು ಉಣ್ಣಬೇಕು, ತಳದಲ್ಲಿ ಉಳಿದದ್ದು ಯಾರ ಪಾಲು ಎಂಬುದನ್ನು ಮನೆಯೇ ತೀರ್ಮಾನಿಸುತ್ತದೆ.

ಪಾಲಕರ ಸಭೆಯೊಂದರಲ್ಲಿ, ಬಸುರಿಯೂ ಬಾಣಂತಿಯೂ ಮೊದಲ ಪಂಕ್ತಿಯಲ್ಲೇ ಉಣ್ಣಲೆಂದು ನಾನು ಹೇಳಿದೆ. ತಾಯಿಯೊಬ್ಬಳು ಸೆರಗು ಸರಿಪಡಿಸಿಕೊಳ್ಳುತ್ತ ಕೇಳಿದಳು: "ನಾ ಮೊದಲ ಉಂಡ್ರ ಮನ್ಯಾಗ ಏನಂದಾರ್ರೀ, ಸರ?" ಆಕೆಯ ಬದಿಯಲ್ಲಿ ಅತ್ತೆ ಕುಳಿತಿದ್ದಳು, ಹಿಂದಿನ ಸಾಲಿನಲ್ಲಿ ಗಂಡ ನಿಂತಿದ್ದ. ಉತ್ತರ ಹೇಳಬೇಕಾದವರು ಅವರಿಬ್ಬರು.