ಫ್ಯೂಷನ್ ಆಯ್ತು, ಕರೆಂಟ್ ಎಲ್ಲಿ?

ಹುಳಿಮಾವು ಗೇಟ್ ಹತ್ತಿರ ಇರೋ ವೀಕ್ಷಕರೊಬ್ಬರು ಒಂದು ವಿಡಿಯೋ ಕಳಿಸಿದ್ದಾರೆ. ಕಾರ್ಬನ್ ನ್ಯಾನೋಟ್ಯೂಬ್‌ನಿಂದ ಎಲೆಕ್ಟ್ರಾನ್ ಚಿಮ್ಮಿಸಿ, ಮೇಜಿನ ಮೇಲೇ ಪರಮಾಣು ಸಮ್ಮಿಲನ ಮಾಡಿ ಕರೆಂಟ್ ತೆಗೀತಾರಂತೆ. "ರಿಟೈರ್‌ಮೆಂಟ್ ದುಡ್ಡಿದೆ, ಹಾಕಬಹುದಾ ಸಾರ್?" ಅಂತ ಕೇಳಿದ್ದಾರೆ.

ನೋಡಿ, ಅರ್ಧ ಮಾತು ನಿಜ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಜಗತ್ತಿನ ಗಮನಕ್ಕೆ ತಂದ ಈ ಕೊಳವೆಗಳ ಮೇಲೆ ನಮ್ಮ ಬೆಂಗಳೂರಿನಲ್ಲೇ ಸಿ.ಎನ್.ಆರ್. ರಾವ್ ಅವರ ಬಳಗ ವರ್ಷಗಟ್ಟಲೆ ಕೆಲಸ ಮಾಡಿದೆ. ಕೊಳವೆ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ. ತುದಿ ಚೂಪಾದಷ್ಟೂ ಅಲ್ಲಿ ವಿದ್ಯುತ್ ಕ್ಷೇತ್ರ ಒತ್ತಟ್ಟಾಗುತ್ತೆ, ಎಲೆಕ್ಟ್ರಾನ್ ತಾನಾಗಿ ಹೊರಗೆ ಹಾರುತ್ತೆ. ಹಳೇ ಡಬ್ಬಾ ಟಿವಿ ಚಿತ್ರ ಮೂಡಿಸೋಕೆ ಸ್ವಲ್ಪ ಹೊತ್ತು ತಗೋತಿತ್ತಲ್ಲ? ಅದರೊಳಗೆ ತಂತಿ ಕಾಯಬೇಕಿತ್ತು. ಇಲ್ಲಿ ಕಾಯಿಸೋದೇ ಬೇಡ.

ಆ ಎಲೆಕ್ಟ್ರಾನ್‌ಗಳು ಡ್ಯೂಟೀರಿಯಂ ಅನಿಲಕ್ಕೆ ಬಡಿದರೆ ಅಯಾನು ಹುಟ್ಟುತ್ತೆ. ಡ್ಯೂಟೀರಿಯಂ ಅಂದ್ರೆ ಭಾರವಾದ ಹೈಡ್ರೋಜನ್. ಅಯಾನನ್ನು ಲಕ್ಷ ವೋಲ್ಟ್‌ನಲ್ಲಿ ಓಡಿಸಿ, ಡ್ಯೂಟೀರಿಯಂ ತುಂಬಿದ ಲೋಹಕ್ಕೆ ಗುದ್ದಿಸಿದರೆ ಸಮ್ಮಿಲನ ಆಗುತ್ತೆ. ಹೌದು, ನಿಜವಾಗ್ಲೂ ಆಗುತ್ತೆ! ಇಂಥ ನ್ಯೂಟ್ರಾನ್ ಟ್ಯೂಬ್‌ಗಳನ್ನು ತೈಲ ಬಾವಿಗಳ ಪರೀಕ್ಷೆಗೆ ದಶಕಗಳಿಂದ ಬಳಸ್ತಿದ್ದಾರೆ. ಅಲ್ಲಿನ ಬಿಸಿ ತಂತಿಯ ಜಾಗಕ್ಕೆ ನ್ಯಾನೋಟ್ಯೂಬ್ ತರೋ ಸಂಶೋಧನೆಯೂ ನಡೆದಿದೆ.

ಆದ್ರೆ ಲೆಕ್ಕ ಹಾಕಿ. ಗುದ್ದಿದ ಕೋಟಿ ಅಯಾನುಗಳಲ್ಲಿ ಬೆಸೆಯೋದು ಬೆರಳೆಣಿಕೆಯಷ್ಟು. ಉಳಿದವು ಲೋಹದೊಳಗಿನ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆದು, ಲೋಹ ಬಿಸಿ ಮಾಡಿ ಸುಮ್ಮನಾಗ್ತವೆ. ಹೆಚ್ಚು ಕಡಿಮೆ ಲಕ್ಷ ರೂಪಾಯಿ ಹಾಕಿ ಒಂದು ರೂಪಾಯಿ ತೆಗೆದ ವ್ಯಾಪಾರ. ಎಲೆಕ್ಟ್ರಾನ್ ಎಷ್ಟೇ ಸಲೀಸಾಗಿ ಬರಲಿ, ಈ ನಷ್ಟ ತಪ್ಪಲ್ಲ. ನಷ್ಟ ಆಗ್ತಿರೋದು ಗುದ್ದೋ ಜಾಗದಲ್ಲಿ. ವಿಡಿಯೋದಲ್ಲಿ ಈ ಲೆಕ್ಕ ಇಲ್ಲ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಮಾತ್ರ ಜೋರಾಗಿದೆ.

ದೊಡ್ಡವರ ಅಂದಾಜೂ ತಪ್ಪಿದೆ. ಹಿಂದೆ ಇದೇ ಬೆಂಗಳೂರಿನ ಐಐಎಸ್ಸಿಯಲ್ಲಿದ್ದ ಹೋಮಿ ಭಾಭಾ 1955ರಲ್ಲಿ ಜಿನೀವಾದಲ್ಲಿ, ಎರಡು ದಶಕದೊಳಗೆ ಸಮ್ಮಿಲನ ನಮ್ಮ ಹತೋಟಿಗೆ ಬರುತ್ತೆ ಅಂದಿದ್ರು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲೇಸರ್ ಪ್ರಯೋಗದಲ್ಲಿ 2.05 ಮೆಗಾಜೂಲ್ ಹಾಕಿ 3.15 ತೆಗೆದರು. ಚಪ್ಪಾಳೆ ಹೊಡೆಯೋ ಸಾಧನೆಯೇ. ಆ ಲೇಸರ್ ಉರಿಸೋಕೆ ಗೋಡೆಯ ಪ್ಲಗ್‌ನಿಂದ ಎಳೆದಿದ್ದು ಮಾತ್ರ ಸುಮಾರು 300.

ಹಾಗಾಗಿ ಸಾರ್, ವಿಡಿಯೋದವರು ಮತ್ತೆ ಫೋನ್ ಮಾಡಿದ್ರೆ "ಫ್ಯೂಷನ್ ಆಗುತ್ತಾ?" ಅಂತ ಕೇಳಬೇಡಿ. ಪ್ಲಗ್‌ನಿಂದ ಎಷ್ಟು ಯೂನಿಟ್ ಹೋಯ್ತು, ವಾಪಸ್ ಎಷ್ಟು ಬಂತು, ಅಳೆದವರು ಯಾರು ಅಂತ ಕೇಳಿ. ಉತ್ತರ ಬರೋವರೆಗೂ ದುಡ್ಡು ಬ್ಯಾಂಕಿನಲ್ಲೇ ಇರಲಿ.