ಅಗತ್ಯ ಎಲ್ಲಿ ಮುಗಿಯುತ್ತದೆ?

ಧರ್ಮಸಭೆಯು ಗುರುತಿಸಿರುವ ಏಳು ಮೂಲ ಪಾಪಗಳಲ್ಲಿ ದುರಾಸೆಯೂ ಒಂದು. ಆದರೂ ಪಾಪನಿವೇದನೆಗೆ ಮೊಣಕಾಲೂರಿದಾಗ ನಮ್ಮ ನೆನಪಿಗೆ ಬಲು ಅಪರೂಪವಾಗಿ ಬರುವ ಪಾಪವೂ ಇದೇ. ಏಕೆಂದರೆ ದುರಾಸೆ ಯಾವಾಗಲೂ ಅಗತ್ಯದ ಉಡುಪು ತೊಟ್ಟೇ ಬರುತ್ತದೆ. ಹಾಗಾದರೆ ಅಗತ್ಯದ ಗಡಿ ಯಾವುದು?

ಕೊಕ್ಕರ್ಣೆಯವರು ಇದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಾಗಿಲ್ಲ. ಘಟ್ಟದಿಂದಿಳಿದು ಬಾರಕೂರಿನತ್ತ ಸಾಗುವ ಸೀತಾನದಿಯನ್ನು ನೋಡಿದರೆ ಸಾಕು. ಮನೆ ಕಟ್ಟುವವನಿಗೆ ಮರಳು ಬೇಕು, ಅದು ಅಗತ್ಯ. ಮಳೆಗಾಲದ ಪ್ರವಾಹ ಹೊತ್ತು ತರುವುದನ್ನು ಮಿತಿಯಲ್ಲಿ ತೆಗೆದರೆ ನದಿ ಮತ್ತೆ ತುಂಬಿಕೊಳ್ಳುತ್ತದೆ. ಮಿತಿ ಮೀರಿ ಬಗೆದರೆ ನದಿಯ ಪಾತ್ರ ಆಳವಾಗುತ್ತದೆ, ಆಸುಪಾಸಿನ ಬಾವಿಗಳ ನೀರು ಕೆಳಗಿಳಿಯುತ್ತದೆ, ದಂಡೆ ಕುಸಿಯುತ್ತದೆ, ಅಳಿವೆಯ ಕಡೆಯ ಊರುಗಳಲ್ಲಿ ಉಪ್ಪುನೀರು ಇನ್ನಷ್ಟು ಒಳನುಗ್ಗಿ ಗದ್ದೆಗಳನ್ನು ಕೆಡಿಸುತ್ತದೆ. ಲಾಭ ಕೆಲವರಿಗೆ, ನಷ್ಟ ಬಾವಿ ಬತ್ತಿದ ನೆರೆಯವನಿಗೆ.

ದುರಾಸೆ ಅಷ್ಟಕ್ಕೇ ನಿಲ್ಲದೆ ಕಾನೂನಿನ ಭಯವನ್ನೂ ಅಳಿಸುತ್ತದೆ. 2017ರ ಏಪ್ರಿಲ್ 2ರ ರಾತ್ರಿ ಕುಂದಾಪುರ ಸಮೀಪದ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ಹೋದ ಉಡುಪಿ ಜಿಲ್ಲಾಧಿಕಾರಿ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿಯವರ ಮೇಲೆಯೇ ದಾಳಿ ನಡೆಯಿತು. ಇಬ್ಬರೂ ಮಹಿಳೆಯರು. ಬಳ್ಳಾರಿಯಲ್ಲಿ ಇದೇ ರೋಗ ಸರಕಾರದೊಳಕ್ಕೇ ಹರಡಿತ್ತು. ಅಲ್ಲಿನ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟವಾಯಿತೆಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ವರದಿ ನೀಡಿದರು. ಅದರ ಬೆನ್ನಿಗೇ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಬರುವ ಧನಿಕನನ್ನು ನೆನೆಯೋಣ. ಸಮೃದ್ಧ ಬೆಳೆ ಬಂದದ್ದು ಅವನ ತಪ್ಪಲ್ಲ. ಕಣಜಗಳನ್ನು ದೊಡ್ಡದಾಗಿಸಲು ಹೊರಟ ಅವನ ಲೆಕ್ಕದಲ್ಲಿ ತಾನೊಬ್ಬನೇ ಇದ್ದ, ನೆರೆಯವನಿಗೆ ಸ್ಥಳವಿರಲಿಲ್ಲ. ದುರಾಸೆಯ ಗುರುತು ಇದೇ. ನಾವು ಎಷ್ಟು ಗಳಿಸಿದೆವು ಎಂಬುದಕ್ಕಿಂತ, ಗಳಿಸುವಾಗ ಯಾರ ಪಾಲನ್ನು ಮರೆತೆವು ಎಂಬುದೇ ಮುಖ್ಯ.

ಮರಳು ಕದ್ದವನನ್ನು ದೂರುವುದು ಸುಲಭ. ಕಡಿಮೆ ಬೆಲೆಗೆ ಸಿಕ್ಕಿತೆಂದು, ಎಲ್ಲಿಂದ ಬಂತೆಂದು ಕೇಳದೆ ಕೊಂಡವನ ಗತಿಯೇನು? ನಾಲ್ವರಿಗೆ ಎಂಟು ಕೋಣೆ ಕಟ್ಟುವ ನಮ್ಮ ಪೈಪೋಟಿಯೂ ಆ ದಂಧೆಗೆ ಅನ್ನ ಹಾಕುತ್ತದೆ. ಮುಂದಿನ ಸಲ ಅಂಗಳಕ್ಕೆ ಲಾರಿ ಬಂದಾಗ ಪರವಾನಿಗೆಯ ಚೀಟಿ ಕೇಳೋಣ. ಇಲ್ಲವೆಂದರೆ ಲಾರಿಯನ್ನು ಹಿಂದಕ್ಕೆ ಕಳುಹಿಸೋಣ. ಮನೆ ಏಳುವುದು ಒಂದು ತಿಂಗಳು ತಡವಾದೀತು. ನೆರೆಯವನ ಬಾವಿಯಲ್ಲಿ ನೀರು ಉಳಿದೀತು.