ರಣಭೂಮಿಯ ಮೇಲೊಂದು ಊರು: ಬೆಸಿಯೊ

ಮಧ್ಯ ಪೆಸಿಫಿಕ್ ಸಾಗರದ ಕಿರಿಬಾಸ್ ದೇಶಕ್ಕೆ ಸೇರಿದ ತರಾವಾ ಒಂದು ಹವಳದ ಉಂಗುರದ್ವೀಪ, ಅಂದರೆ ನಡುವಿನ ತಿಳಿಗಡಲನ್ನು ಬಳಸಿಕೊಂಡು ಹವಳದ ದಿಬ್ಬಗಳ ಮೇಲೆ ಎದ್ದಿರುವ ತಗ್ಗು ನೆಲದ ಸಾಲು. ಅದರ ನೈಋತ್ಯ ತುದಿಯ ಬೆಸಿಯೊ ಸುಮಾರು 3 ಕಿಲೋಮೀಟರ್ ಉದ್ದವಿದ್ದು, ಅಗಲದಲ್ಲಿ ಎಲ್ಲಿಯೂ ಒಂದು ಕಿಲೋಮೀಟರ್ ಮುಟ್ಟುವುದಿಲ್ಲ. ಇಷ್ಟು ಕಿರಿದಾದ ನೆಲದಲ್ಲಿ 1943ರ ನವೆಂಬರ್ 20ರಿಂದ 23ರವರೆಗೆ ಅಮೆರಿಕ ಮತ್ತು ಜಪಾನ್ ಪಡೆಗಳ ನಡುವೆ ನಡೆದ ಕಾಳಗದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಆಗ ಬ್ರಿಟಿಷರ ವಸಾಹತಾಗಿದ್ದ ಈ ದ್ವೀಪವನ್ನು 1942ರ ಸೆಪ್ಟೆಂಬರ್‌ನಲ್ಲಿ ವಶಪಡಿಸಿಕೊಂಡ ಜಪಾನೀಯರು, ನಿವಾಸಿಗಳನ್ನು ಹೊರಗೆ ಕಳಿಸಿ, ಕೊರಿಯಾದಿಂದ ತಂದ ಕೂಲಿಗಳ ದುಡಿಮೆಯಿಂದ ವಿಮಾನ ನಿಲ್ದಾಣವನ್ನೂ, ತೆಂಗಿನ ದಿಮ್ಮಿ, ಮರಳು ಮತ್ತು ಕಾಂಕ್ರೀಟಿನ ಕೋಟೆಗಳನ್ನೂ ಕಟ್ಟಿಸಿದರು. ಶತ್ರುನೌಕೆಗಳ ಚಲನವಲನವನ್ನು ರೇಡಿಯೊ ಮೂಲಕ ತಿಳಿಸುತ್ತಿದ್ದ ನ್ಯೂಜಿಲೆಂಡಿನ ಕರಾವಳಿ ಕಾವಲುಗಾರರೂ ಸೇರಿದಂತೆ 22 ಸೆರೆಯಾಳುಗಳನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಲ್ಲಿಯೇ ಕೊಂದರು.

ಅಮೆರಿಕದ ನೌಕಾಪದಾತಿಗಳು ದಡಕ್ಕೆ ಬಂದ ದಿನ ಅವರನ್ನು ಮೊದಲು ತಡೆದದ್ದು ಗುಂಡುಗಳಲ್ಲ, ಸಮುದ್ರ. ಅಷ್ಟಮಿಯ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತಗಳು ಒಂದಕ್ಕೊಂದು ಅಡ್ಡವಾಗುವುದರಿಂದ ಉಬ್ಬರ ದುರ್ಬಲವಾಗಿರುತ್ತದೆ. ಸಾಲದ್ದಕ್ಕೆ ಚಂದ್ರನೂ ಆಗ ಭೂಮಿಯಿಂದ ದೂರದಲ್ಲಿದ್ದ. ದಿಬ್ಬದ ಮೇಲೆ ನೀರು ಏರಲೇ ಇಲ್ಲ. ಪಟ್ಟಿಚಕ್ರಗಳ ಉಭಯಚರ ವಾಹನಗಳು ಮಾತ್ರ ದಿಬ್ಬವನ್ನು ಹತ್ತಿ ದಾಟಿದವು. ದೋಣಿಗಳು ಅಲ್ಲಿಯೇ ಸಿಕ್ಕಿಕೊಂಡದ್ದರಿಂದ ಸೈನಿಕರು ನೂರಾರು ಮೀಟರ್ ದೂರ, ಎದೆಮಟ್ಟದ ನೀರಿನಲ್ಲಿ ಗುಂಡಿನ ಮಳೆಗೆ ಎದೆಯೊಡ್ಡಿ ನಡೆಯಬೇಕಾಯಿತು. ಈ ದ್ವೀಪಗಳಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಮೇಜರ್ ಹಾಲಂಡ್ ಮೊದಲೇ ಎಚ್ಚರಿಸಿದ್ದರೂ ಯೋಜನೆ ಬದಲಾಗಲಿಲ್ಲ. ಕಡಲಿನೊಂದಿಗೆ ಬದುಕಿದವರ ತಿಳಿವಳಿಕೆಯನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಅದು. ಅಮೆರಿಕದ ಸುಮಾರು 1,000 ಮಂದಿ ಸತ್ತರು. ಸುಮಾರು 4,800 ಜನರ ಜಪಾನಿ ಪಾಳೆಯದಲ್ಲಿ ಬದುಕಿ ಸೆರೆಸಿಕ್ಕವರು 17 ಜಪಾನೀಯರು ಮತ್ತು 129 ಕೊರಿಯನ್ ಕೂಲಿಗಳು.

ಗೆದ್ದವರ ಮತ್ತು ಸೋತವರ ಲೆಕ್ಕವನ್ನಷ್ಟೇ ಇಡುವ ಯುದ್ಧಚರಿತ್ರೆಗಳು ಇಲ್ಲಿಗೆ ಮರಳಿದ ಊರಿನವರನ್ನು ಮರೆಯುತ್ತವೆ. ಇಂದು ಪೆಸಿಫಿಕ್‌ನ ಅತಿ ಜನನಿಬಿಡ ನೆಲೆಗಳಲ್ಲಿ ಒಂದಾದ ಬೆಸಿಯೊದಲ್ಲಿ ಜಪಾನಿ ದಂಡನಾಯಕನ ಕಾಂಕ್ರೀಟು ಕಟ್ಟಡ, ಗೋಡೆಗಳ ತುಂಬ ಗುಂಡಿನ ಗಾಯಗಳನ್ನು ಹೊತ್ತು, ಮನೆಗಳ ನಡುವೆಯೇ ನಿಂತಿದೆ. 8 ಇಂಚಿನ ಫಿರಂಗಿಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಪದರ ಪದರವಾಗಿ ಕಳಚುತ್ತಿವೆ. ಅಮೆರಿಕದ ವೀರಪದಕ ಪಡೆದ ಅಲೆಕ್ಸಾಂಡರ್ ಬಾನಿಮನ್ ಸೇರಿದಂತೆ 30ಕ್ಕೂ ಹೆಚ್ಚು ಸೈನಿಕರ ಅವಶೇಷಗಳು 2015ರಲ್ಲಿ ಒಂದೇ ಸಾಲು ಸಮಾಧಿಯಲ್ಲಿ ಸಿಕ್ಕವು. ಕೊರಿಯದ ಒಬ್ಬ ಕೂಲಿಯ ಅವಶೇಷ 2023ರಲ್ಲಿ ತಾಯ್ನಾಡು ಸೇರಿತು. ಊರಿನವರ ಪಾಲಿಗಂತೂ ಮನೆಗೆ ಪಾಯ ತೆಗೆಯುವಾಗ ಎಲುಬುಗಳಷ್ಟೇ ಅಲ್ಲ, ಸಿಡಿಯದೆ ಉಳಿದ ಮದ್ದುಗುಂಡುಗಳೂ ಸಿಗುತ್ತವೆ.